ಹೈನೆಯ ಪದ್ಯ ಮತ್ತು ಪ್ರವಾಸಗದ್ಯ: ಅನುವಾದದ ಓದಿನ ಕುರಿತು

ಜರ್ಮನ್ ಕವಿ ಹೈನ್‌ರಿಶ್ ಹೈನೆ (1797–1856) ನಮ್ಮಲ್ಲಿ ಬಹುಮಟ್ಟಿಗೆ ಇಂಗ್ಲಿಷ್ ಅನುವಾದದ ಮೂಲಕ, ಅದರಲ್ಲಿಯೂ ಬಿಡಿ ಕವಿತೆಗಳ ಮೂಲಕ ಪರಿಚಿತನಾದವನು. ಹೀಗಾಗಿ ಅವನು ಕೋಮಲ ಪ್ರೇಮಗೀತೆಗಳ ಕವಿ ಎಂಬ ಅಭಿಪ್ರಾಯ ಸುಲಭವಾಗಿ ನೆಲೆಗೊಳ್ಳುತ್ತದೆ. ಅನುವಾದದಲ್ಲಿ ಲಯ ಕಳೆದುಹೋಗುತ್ತದೆ ಎಂದು ನಾವು ಚಿಂತಿಸುತ್ತೇವೆ. ಆದರೆ ಅವನ ಪ್ರವಾಸಗದ್ಯವನ್ನು ಬದಿಗಿಟ್ಟು ಪದ್ಯವನ್ನು ಮಾತ್ರ ಓದುವುದರಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಗೋಟಿಂಗೆನ್‌ನಲ್ಲಿ ಕಾನೂನು ವಿದ್ಯಾರ್ಥಿಯಾಗಿದ್ದ ಹೈನೆ 1824ರ ಶರತ್ಕಾಲದಲ್ಲಿ ಹಾರ್ಟ್ಸ್ ಪರ್ವತಪ್ರದೇಶವನ್ನು ಕಾಲ್ನಡಿಗೆಯಲ್ಲಿ ಸುತ್ತಿದನು. ಅದರ ಫಲವಾದ ‘ಹಾರ್ಟ್ಸ್‌ರೈಜೆ’ 1826ರಲ್ಲಿ ‘ರೈಜೆಬಿಲ್ಡರ್’ (ಪ್ರವಾಸಚಿತ್ರಗಳು) ಕೃತಿಯ ಮೊದಲ ಸಂಪುಟದಲ್ಲಿ ಸೇರಿತು. ಮುಂದೆ ‘ಲೊರೆಲೈ’ ಎಂದು ಪ್ರಸಿದ್ಧವಾದ ಕವಿತೆಯಿರುವ ‘ಹೈಮ್‌ಕೇರ್’ ಗುಚ್ಛವೂ ಅದೇ ಸಂಪುಟದಲ್ಲಿದೆ. ಅಂದರೆ ಈ ಕವಿತೆಗಳು ತಮ್ಮ ಓದುಗರನ್ನು ಪ್ರವಾಸಗದ್ಯದ ನೆರೆಯಲ್ಲಿಯೇ ಕಂಡವು.

ಈ ನೆರೆಹೊರೆ ಕೇವಲ ಮುದ್ರಣದ ಆಕಸ್ಮಿಕವಲ್ಲ. ‘ಹಾರ್ಟ್ಸ್‌ರೈಜೆ’ಯಲ್ಲಿ ಪ್ರವಾಸಿಗೆ ಕುರಿಗಾಹಿ ಬಾಲಕನೊಬ್ಬ ಎದುರಾಗಿ ತನ್ನ ರೊಟ್ಟಿ, ಗಿಣ್ಣುಗಳನ್ನು ಹಂಚಿಕೊಳ್ಳುತ್ತಾನೆ. ತನಗೆ ಅನ್ನವಿಕ್ಕಿದ ಅರಸ ಇವನೊಬ್ಬನೇ, ಆದ್ದರಿಂದ ಇವನನ್ನು ಅರಸನಂತೆಯೇ ಹಾಡುವೆನೆಂಬ ಅರ್ಥದ ಮಾತನ್ನು ಗದ್ಯದಲ್ಲಿ ಆಡಿದ ಬಳಿಕವೇ ಹೈನೆ ಬಾಲಕನನ್ನು ರಾಜನೆಂದು ಕೊಂಡಾಡುವ ಪದ್ಯಕ್ಕೆ ತೊಡಗುತ್ತಾನೆ. ಗದ್ಯದ ಈ ಕುಟುಕನ್ನು ಕಳೆದರೆ ಉಳಿಯುವುದು ಮುಗ್ಧ ಗೋಪಗೀತೆ; ಸೇರಿಸಿ ಓದಿದರೆ ಅದು ಆಳುವವರನ್ನು ಕುರಿತ ವಿಡಂಬನೆ. ಪದ್ಯದ ಒಂದು ಅಕ್ಷರವೂ ಬದಲಾಗದೆ ಅದರ ಧ್ವನಿಯೇ ಬದಲಾಗುತ್ತದೆ.

1827ರ ‘ಬುಖ್ ಡೆರ್ ಲೀಡರ್’ ಸಂಕಲನಕ್ಕೆ ಹೈನೆಯೇ ಈ ಪದ್ಯಗಳನ್ನು ಬೇರ್ಪಡಿಸಿ ಸೇರಿಸಿದನಲ್ಲವೇ ಎಂದು ಆಕ್ಷೇಪಿಸಬಹುದು. ನಿಜ. ಆದರೆ ಅಲ್ಲಿಯೂ ಅವನು ಅವುಗಳಿಗೆ ‘ಹಾರ್ಟ್ಸ್‌ರೈಜೆಯಿಂದ’ ಎಂಬ ಶೀರ್ಷಿಕೆಯನ್ನೇ ಇಟ್ಟನು. ಜರ್ಮನ್ ಓದುಗನಿಗೆ ಆ ಸೂಚನೆ ಸಾಕು. ಬಿಡಿ ಕವಿತೆಯ ಅನುವಾದವನ್ನಷ್ಟೇ ಕೈಯಲ್ಲಿ ಹಿಡಿದವನಿಗೆ ಅದು ತಲುಪುವುದೇ ಇಲ್ಲ.

ಚಂಪೂ ಪರಂಪರೆಯ ವಾರಸುದಾರರಾದ ಕನ್ನಡ ಓದುಗರಿಗೆ ಗದ್ಯಪದ್ಯಗಳ ಮಿಶ್ರಣ ಹೊಸದೇನೂ ಅಲ್ಲ. ಪಂಪನ ಕಾವ್ಯದಿಂದ ಆಯ್ದ ಪದ್ಯಗಳನ್ನಷ್ಟೇ ಪಾಠ ಹೇಳಿ, ನಡುವಣ ಗದ್ಯವನ್ನು ಬಿಟ್ಟರೆ ಏನಾಗುತ್ತದೆಂಬುದನ್ನು ಅಧ್ಯಾಪಕರು ಬಲ್ಲರು. ಹಾಗೆಂದು ಹೈನೆಯ ಕೃತಿಯನ್ನು ಚಂಪೂ ಎಂದು ಕರೆಯಲಾಗದು. ಚಂಪುವಿನಲ್ಲಿ ಗದ್ಯಪದ್ಯಗಳು ಸಾಮಾನ್ಯವಾಗಿ ಒಂದೇ ಕಥನವನ್ನು ಹಂಚಿಕೊಂಡು ಮುನ್ನಡೆಸುತ್ತವೆ. ಹೈನೆಯಲ್ಲಿ ಅವು ಹಲವೊಮ್ಮೆ ಒಂದನ್ನೊಂದು ಪ್ರಶ್ನಿಸುತ್ತವೆ. ಈ ವ್ಯತ್ಯಾಸವನ್ನು ಗುರುತಿಸಬಲ್ಲ ಸಿದ್ಧತೆ ನಮ್ಮ ಓದಿಗಿದೆ ಎಂಬುದಷ್ಟೇ ಇಲ್ಲಿನ ವಾದ.

ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬರುವ ಹೈನೆಯ ಜನಪದ ಧಾಟಿಯ ಪ್ರಾಸ, ಲಯಗಳು ಎರಡು ಬಾರಿ ಸೋಸಿಹೋಗುತ್ತವೆ. ಆದ್ದರಿಂದ ಅಂತಹ ಅನುವಾದವನ್ನು ಆಧರಿಸಿ ಅವನ ಪದಲಾಲಿತ್ಯವನ್ನು ಕುರಿತು ತೀರ್ಪು ನೀಡುವುದು ಸಂಶೋಧನೆಯಾಗಲಾರದು. ಆದರೆ ಗದ್ಯಪದ್ಯಗಳ ಜೋಡಣೆ, ನಿಲುವು, ವ್ಯಂಗ್ಯದ ತಿರುವು ಇವು ಅನುವಾದದಲ್ಲಿಯೂ ಪರಿಶೀಲನೆಗೆ ಸಿಗುತ್ತವೆ. ಹೈನೆಯನ್ನು ಕನ್ನಡಕ್ಕೆ ತರುವವರು ಪದ್ಯದೊಡನೆ ಅದರ ಗದ್ಯಸಂದರ್ಭವನ್ನೂ ತರಬೇಕು; ಅವನನ್ನು ಕುರಿತು ಬರೆಯುವವರು ತಾವು ಬಳಸಿದ ಅನುವಾದ ಯಾವುದೆಂದು ಮೊದಲ ಪುಟದಲ್ಲಿಯೇ ಹೇಳಬೇಕು. ತೌಲನಿಕ ಅಧ್ಯಯನಕ್ಕೆ ಇದು ಕನಿಷ್ಠ ಶಿಸ್ತು.