ತೀರ್ಮಾನವಾಗದವಳ ತಪ್ಪೇನು?

ಪದವಿ ಕಾಲೇಜೊಂದರ ಪ್ರವೇಶ ಕೌಂಟರಿನ ಮುಂದೆ ಅಕ್ಕನ ಮಗಳ ಜೊತೆ ನಿಂತಿದ್ದೆ. ಗುಮಾಸ್ತರು ಅರ್ಜಿ ತಿರುವಿ ಹಾಕಿ, ‘ಕಾಂಬಿನೇಶನ್ ಬರೆದಿಲ್ವಲ್ಲಮ್ಮಾ?’ ಎಂದರು. ‘ಸರ್, ಇನ್ನೂ ತೀರ್ಮಾನ ಮಾಡಿಲ್ಲ. ಎರಡು ವಾರ ಕ್ಲಾಸ್ ಕೇಳಿ ಹೇಳಬಹುದಾ?’ ಎಂದಳು ಹುಡುಗಿ. ಅವರು ಅವಳನ್ನು ಬಿಟ್ಟು ನನ್ನ ಮುಖ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ‘ತೀರ್ಮಾನ ಮಾಡ್ಕೊಂಡು ಬನ್ನಿ. ಹಿಂದೆ ಸಾಲಿದೆ.’

ವಿಜ್ಞಾನದಲ್ಲಿ ಪಿಯುಸಿ ಮಾಡಿದ ಹುಡುಗಿ. ಜೀವಶಾಸ್ತ್ರ ಇಷ್ಟ. ಆದರೆ ಚರಿತ್ರೆಯ ಪುಸ್ತಕ ಕೈಗೆ ಸಿಕ್ಕರೆ ಊಟ ಮರೆಯುವವಳು. ಮರದ ಕೆಳಗೆ ನಿಂತು ಐದು ನಿಮಿಷ ಯೋಚಿಸಿ, ‘ಮಾಮಾ, ಯಾವುದಾದ್ರೂ ಒಂದು ಬರೀತೇನೆ’ ಎಂದು ಸೀಟು ಉಳಿದಿದ್ದ ಮೂರು ವಿಷಯಗಳನ್ನು ಬರೆದಳು. ಮೂರು ವರ್ಷಗಳ ತೀರ್ಮಾನ ಹೀಗಾಯಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನವೂ ಆಯಿತು.

ನನ್ನ ತಕರಾರು ಆ ಗುಮಾಸ್ತರ ಮೇಲಲ್ಲ. ‘ಇನ್ನೂ ತೀರ್ಮಾನ ಮಾಡಿಲ್ಲ’ ಎಂಬ ಪ್ರಾಮಾಣಿಕ ಉತ್ತರವನ್ನು ಅಪರಾಧವೆಂದು ಭಾವಿಸುವ ನಮ್ಮೆಲ್ಲರ ಮೇಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಹದಿನೈದು ಹದಿನಾರರ ಮಗು ವಿಜ್ಞಾನ, ವಾಣಿಜ್ಯ, ಕಲೆ ಎಂಬ ಮೂರು ಬಾಗಿಲುಗಳಲ್ಲಿ ಒಂದನ್ನು ಹೊಗಬೇಕು. ಆ ವಯಸ್ಸಿಗೆ ಅದು ಮನಶ್ಶಾಸ್ತ್ರದ ಒಂದು ಪಾಠ ಕೇಳಿರುವುದಿಲ್ಲ, ಭೂಗರ್ಭಶಾಸ್ತ್ರ ಓದಿದವರೊಬ್ಬರನ್ನು ಕಂಡಿರುವುದಿಲ್ಲ. ಕಾಣದ್ದನ್ನು ಆರಿಸು ಎನ್ನುವುದು ಯಾವ ನ್ಯಾಯ? ಇನ್ನು ಥಟ್ಟನೆ ಉತ್ತರ ಹೇಳುವ ಮಕ್ಕಳಿದ್ದಾರಲ್ಲ, ಅವರಲ್ಲಿ ಎಷ್ಟೋ ಮಂದಿಯ ತೀರ್ಮಾನ ಅವರದ್ದಲ್ಲ. ತಂದೆಯದ್ದು, ಕೋಚಿಂಗ್ ಸೆಂಟರಿನದ್ದು, ಇಲ್ಲವೇ ಗಲ್ಫ್‌ನಿಂದ ರಜೆಯಲ್ಲಿ ಬಂದ ಚಿಕ್ಕಪ್ಪನದ್ದು. ಎರವಲು ತಂದ ಖಚಿತತೆಗೆ ಶಹಭಾಸ್‌ಗಿರಿ, ಸ್ವಂತ ಗೊಂದಲಕ್ಕೆ ಬೈಗುಳ!

ಒಳಗೆ ಹೋದ ಮೇಲಾದರೂ ನೆಲೆ ಸಿಗುತ್ತದೆಯೇ? ಮೊದಲ ತಿಂಗಳು ಕ್ಯಾಂಟೀನಿನಲ್ಲಿ, ಹಾಸ್ಟೆಲಿನಲ್ಲಿ, ಬಸ್‌ಸ್ಟಾಪಿನಲ್ಲಿ ಹೆಸರು ಕೇಳಿದೊಡನೆ ಬರುವ ಪ್ರಶ್ನೆ ‘ಯಾವ ಕಾಂಬಿನೇಶನ್?’ ಎಂಬುದೇ. ಗೆಳೆತನಗಳು ಸೆಕ್ಷನ್ ಲೆಕ್ಕದಲ್ಲಿ ಕಟ್ಟಿಕೊಳ್ಳುತ್ತವೆ. ನಮ್ಮ ಹುಡುಗಿ ಒಂದು ದಿನ ಲೈಬ್ರರಿಯಲ್ಲಿ ಸಸ್ಯಶಾಸ್ತ್ರದ ಪುಸ್ತಕ ಕೇಳಿದಳಂತೆ. ‘ನೀನು ಬಿಎ ಅಲ್ವಾ, ನಿನಗ್ಯಾಕೆ ಅದು?’ ಎಂದು ಕೇಳಿದರಂತೆ. ಆಮೇಲೆ ಅವಳು ಆ ಕಪಾಟಿನ ಕಡೆ ಹೋಗಲಿಲ್ಲ. ಕಾಲೇಜಿಗೆ ಹೊಂದಿಕೊಳ್ಳುವುದೆಂದರೆ ಹೀಗೆ ಒಂದೊಂದೇ ಕಪಾಟನ್ನು ಮರೆಯುತ್ತಾ ಹೋಗುವುದೇ?

ಸರ್ಕಾರಗಳ ಕಥೆಯಂತೂ ಕೇಳಲೇಬೇಡಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ ಅವಸರದಲ್ಲಿ ಪದವಿ ತರಗತಿಗಳಿಗೆ ತಂದಿತು. ಎರಡು ಮುಖ್ಯ ವಿಷಯಗಳಿಂದ ಆರಂಭಿಸಿ, ಮೂರನೆಯ ವರ್ಷದಲ್ಲಿ ಒಂದನ್ನು ಮೇಜರ್ ಎಂದು ಆರಿಸಿಕೊಳ್ಳಬಹುದು, ಬೇರೆ ವಿಭಾಗದ ಮುಕ್ತ ಆಯ್ಕೆಯ ವಿಷಯವನ್ನೂ ಓದಬಹುದು ಎಂದಿತು. ಕಾಗದದಲ್ಲಿ ಒಳ್ಳೆಯದೇ. ಆದರೆ ಪಾಠ ಮಾಡುವವರು ಯಾರು? ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆ ಕೇಳಿ ಮುಷ್ಕರಕ್ಕೆ ಕೂತಾಗ ಎಷ್ಟೋ ಕಡೆ ತರಗತಿಗಳೇ ನಿಂತವು. ಬಿಡುವಿದ್ದ ಮೇಷ್ಟ್ರು ಯಾವ ವಿಷಯದವರೋ ಅದೇ ‘ಮುಕ್ತ ಆಯ್ಕೆ’! 2024ರಲ್ಲಿ ಬೇರೆ ಸರ್ಕಾರ ಆ ವ್ಯವಸ್ಥೆ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಒಂದು ಪಕ್ಷ ತಂದಿತು, ಇನ್ನೊಂದು ತೆಗೆಯಿತು. ಈ ಮೂರೇ ವರ್ಷಗಳಲ್ಲಿ ಅಣ್ಣ ಒಂದು ಪದ್ಧತಿಯಲ್ಲಿ, ತಂಗಿ ಇನ್ನೊಂದರಲ್ಲಿ. ನೀತಿ ನಿರೂಪಿಸುವವರಿಗೆ ಮನಸ್ಸು ಬದಲಿಸುವ ಹಕ್ಕಿದೆ, ಹದಿನೆಂಟರ ಹುಡುಗಿಗೆ ಇಲ್ಲ.

ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಮೇಜರ್ ಘೋಷಿಸದ ವಿದ್ಯಾರ್ಥಿಗೆ ‘ಅನ್‌ಡಿಕ್ಲೇರ್ಡ್’ ಎಂಬ ಹೆಸರಿದೆ, ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯವರೆಗೆ ಸಮಯವೂ ಇದೆ. ಅಲ್ಲಿನ ಶುಲ್ಕದ ಮಾತು ಬೇರೆ, ಅದನ್ನು ಹೊಗಳಲು ನಾನು ಹೊರಟಿಲ್ಲ. ನಮ್ಮಲ್ಲೇ ನೋಡಿ. ಗಿರೀಶ್ ಕಾರ್ನಾಡ್ ಧಾರವಾಡದಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ‘ನಿತ್ಯೋತ್ಸವ’ದ ಕವಿ ನಿಸಾರ್ ಅಹಮದ್ ಓದಿದ್ದು, ಕಾಲೇಜುಗಳಲ್ಲಿ ಕಲಿಸಿದ್ದು ಭೂಗರ್ಭಶಾಸ್ತ್ರ. ‘ಭೂಗರ್ಭಶಾಸ್ತ್ರದವನಿಗೆ ಪದ್ಯವ್ಯಾಕೆ?’ ಎಂಬ ಮಾತಿಗೆ ಅವರು ತಲೆಬಾಗಿದ್ದರೆ ನಷ್ಟ ಯಾರದ್ದಾಗುತ್ತಿತ್ತು?

‘ದೊಡ್ಡವರ ಮಾತು ಬಿಡಿ ಸ್ವಾಮಿ, ಬಡವರ ಮಕ್ಕಳಿಗೆ ಹುಡುಕಾಡುತ್ತಾ ಕೂರಲು ಪುರುಸೊತ್ತೆಲ್ಲಿದೆ?’ ಎಂದು ಕೇಳುವವರಿದ್ದಾರೆ. ಅವರ ಕಾಳಜಿ ನಿಜವಾದದ್ದು. ಆಟೋ ಓಡಿಸಿ, ಬೀಡಿ ಕಟ್ಟಿ ಓದಿಸುವ ಮನೆಯಲ್ಲಿ ಒಂದು ವರ್ಷ ಎಂದರೆ ಒಂದು ವರ್ಷದ ಕೂಲಿ. ಆದರೆ ತಪ್ಪು ಆಯ್ಕೆಯ ಬೆಲೆ ಹೆಚ್ಚು ತೆರುವವರೂ ಅವರೇ ಅಲ್ಲವೇ? ಉಳ್ಳವರ ಮಗ ಎಂಜಿನಿಯರಿಂಗ್ ಬೇಡವೆಂದರೆ ಮ್ಯಾನೇಜ್‌ಮೆಂಟ್ ಸೀಟು ಕಾದಿರುತ್ತದೆ. ಇಲ್ಲದವರ ಮಗ ಮೂರು ಸಬ್ಜೆಕ್ಟ್ ಬಾಕಿ ಉಳಿಸಿಕೊಂಡು ಮೊಬೈಲ್ ಅಂಗಡಿ ಸೇರುತ್ತಾನೆ. ಹೆಣ್ಣುಮಗಳಾದರೆ ಒಂದು ಸೆಮಿಸ್ಟರ್ ಫೇಲಾದದ್ದೇ ನೆಪ, ‘ಓದು ಸಾಕು’ ಎಂದು ಗಂಡು ನೋಡಲು ಶುರು. ನಮ್ಮ ಮೊಹಲ್ಲಾಗಳಲ್ಲಿ ಇದು ಗೊತ್ತಿಲ್ಲದವರು ಯಾರು? ಹುಡುಗಿ ಫೇಲಾದದ್ದು ದಡ್ಡತನದಿಂದಲೋ ಬೇಡದ ವಿಷಯದಿಂದಲೋ ಎಂದು ಕೇಳಿದ ಒಬ್ಬ ತಂದೆಯನ್ನೂ ನಾನು ಕಂಡಿಲ್ಲ. ಬಡವರ ಮಕ್ಕಳಿಗೆ ಬೇಕಾದದ್ದು ವರ್ಷಗಳಲ್ಲ, ಆರಂಭದ ಆರು ವಾರ.

ಅದಕ್ಕೆ ಹೊಸ ಆಯೋಗ ಬೇಕಿಲ್ಲ. ಆರು ವಾರ ಯಾವ ತರಗತಿಯಲ್ಲಾದರೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಲು ಬಿಡಿ. ಬಳಿಕ ದಂಡವಿಲ್ಲದೆ, ಶಿಫಾರಸಿಲ್ಲದೆ ಕಾಂಬಿನೇಶನ್ ಬದಲಿಸಲು ವಿಶ್ವವಿದ್ಯಾಲಯ ಒಂದು ದಿನಾಂಕ ಕೊಡಲಿ. ಕೊನೆಯ ವರ್ಷದವರಿಗೆ ಪ್ಲೇಸ್‌ಮೆಂಟ್ ಸೆಲ್ ಎಂದು ಬೋರ್ಡು ಹಾಕುವವರು, ಮೊದಲ ವರ್ಷದವರ ಮಾತು ಕೇಳಲು ವಾರಕ್ಕೆ ಒಂದು ಗಂಟೆ ಒಬ್ಬ ಮೇಷ್ಟ್ರನ್ನು ಕೂರಿಸಲಿ. ಜಮಾತಿನವರು, ಸಂಘಸಂಸ್ಥೆಯವರು ಪ್ರತಿಭಾ ಪುರಸ್ಕಾರಕ್ಕೆ ಶಾಲು, ಫಲಕ ತರುವ ಹಣದಲ್ಲಿ ಸ್ವಲ್ಪ ಉಳಿಸಿ, ರಜೆಯಲ್ಲಿ ಪಿಯುಸಿ ಮುಗಿಸಿದ ಮಕ್ಕಳನ್ನು ಹತ್ತಿರದ ಕಾಲೇಜಿನ ಲ್ಯಾಬು, ಲೈಬ್ರರಿ ತೋರಿಸಿಕೊಂಡು ಬರಲಿ. ಮತ್ತೆ ನಾವು ಮಾಮಂದಿರು, ಚಿಕ್ಕಪ್ಪಂದಿರು. ಹಬ್ಬಕ್ಕೆ ಮನೆಗೆ ಬಂದ ಮಗುವನ್ನು ‘ಮುಂದೇನು?’ ಎಂದು ಕೇಳುವ ಮೊದಲು ‘ಈಗ ಏನು ಓದ್ತಾ ಇದ್ದೀಯಮ್ಮಾ?’ ಎಂದಾದರೂ ಕೇಳಬಹುದಿತ್ತು. ಆ ದಿನ ಮರದ ಕೆಳಗೆ ನಾನೂ ಗಡಿಯಾರವನ್ನೇ ನೋಡುತ್ತಿದ್ದೆ.