ಡಿವೋರ್ಸ್ ಆಯ್ತು, ನಾಮಿನಿ ಇನ್ನೂ ಅವಳೇ!

ನಮ್ಮ ವಯಸ್ಸಿನವರ ಮದುವೆ ಆಲ್ಬಮ್ಮುಗಳನ್ನು ನೋಡಿ ನೋಡಿ ಸುಸ್ತಾಗಿದ್ದ ನನಗೆ ಈಗೀಗ ಡಿವೋರ್ಸ್ ಸುದ್ದಿಗಳೂ ಬರೋಕೆ ಶುರುವಾಗಿವೆ. ಯಾಕೆ ಮುರೀತು, ತಪ್ಪು ಯಾರದ್ದು ಅನ್ನೋದು ನನ್ನ ವಿಷಯ ಅಲ್ಲ. ಅದಕ್ಕೆ ಆಫೀಸ್ ಕ್ಯಾಂಟೀನಿನಿಂದ ಹಿಡಿದು ಅತ್ತೆ ಮನೆ ಜಗಲಿ ತನಕ ಬೇಕಾದಷ್ಟು ಜಡ್ಜುಗಳಿದ್ದಾರೆ. ನಾನು ಹೇಳಹೊರಟಿರೋದು ಬಲು ಒಣ ವಿಷಯ.. ಇನ್ಶೂರೆನ್ಸು.

"ಕೋರ್ಟಲ್ಲಿ ಎಲ್ಲಾ ಸೆಟಲ್ ಆಯ್ತಲ್ಲ, ಇನ್ನೇನು?" ಅನ್ನೋರೇ ಜಾಸ್ತಿ. ಒಡವೆ, ಕಾರು, ಫ್ಲಾಟಿನ ಇಎಂಐ, ಜಾಯಿಂಟ್ ಅಕೌಂಟು ಎಲ್ಲಾ ಆ ಪಟ್ಟಿಯಲ್ಲಿರುತ್ತೆ, ಪಾಲಿಸಿ ಮಾತ್ರ ಇರಲ್ಲ. ನಮ್ಮ ದೇಶದಲ್ಲಿ ಡಿವೋರ್ಸ್ ಡಿಕ್ರಿ ಬಂದ ಮಾತ್ರಕ್ಕೆ ಲೈಫ್ ಇನ್ಶೂರೆನ್ಸಿನ ನಾಮಿನಿ ತಾನಾಗೇ ಬದಲಾಗಲ್ಲ. ಕೋರ್ಟಿನ ಡೇಟಾಬೇಸಿಗೂ ಇನ್ಶೂರೆನ್ಸ್ ಕಂಪನಿ ಡೇಟಾಬೇಸಿಗೂ ಫಾರಿನ್ ಕೀ ಇಲ್ಲ ಸ್ವಾಮೀ :) 1938ರ ಇನ್ಶೂರೆನ್ಸ್ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಪಾಲಿಸಿ ಮೆಚ್ಯೂರ್ ಆಗೋ ಮುಂಚೆ ಯಾವಾಗ ಬೇಕಾದರೂ ನಾಮಿನಿಯನ್ನು ಬದಲಾಯಿಸಬಹುದು. ಆದರೆ ಕಂಪನಿಗೆ ಬರೆದು ತಿಳಿಸಬೇಕು. ತಿಳಿಸದೇ ಹೋದರೆ, ಅವರು ತಮ್ಮ ದಾಖಲೆಯಲ್ಲಿರೋ ಹೆಸರಿಗೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳಬಹುದು.

ಹಾಗಾದರೆ ಆ ದುಡ್ಡು ಮಾಜಿ ಹೆಂಡತಿಯದ್ದೇ ಆಗಿಬಿಡುತ್ತಾ? ಇಲ್ಲೇ ಮಜಾ ಇರೋದು. 1984ರಲ್ಲಿ ಸುಪ್ರೀಂ ಕೋರ್ಟು ಸರ್ಬತಿ ದೇವಿ ಕೇಸಿನಲ್ಲಿ, ನಾಮಿನಿ ಅಂದರೆ ದುಡ್ಡು ಈಸಿಕೊಳ್ಳೋ ಕೈ ಅಷ್ಟೇ, ಹಂಚಿಕೆ ಆಗೋದು ವಾರಸುದಾರಿಕೆ ಕಾನೂನಿನಂತೆ ಅಂತ ಹೇಳಿತ್ತು. 2015ರ ತಿದ್ದುಪಡಿಯಲ್ಲಿ, ಅಪ್ಪ ಅಮ್ಮ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ದುಡ್ಡು ಅವರಿಗೇ ಸೇರುತ್ತೆ ಅಂತ ಸೇರಿಸಿದರು. ಹೆಂಡತಿ ಅಂದರೆ ಯಾವತ್ತಿನ ಹೆಂಡತಿ? ಫಾರಂ ತುಂಬಿದ ದಿನದ್ದಾ, ಸತ್ತ ದಿನದ್ದಾ? ಸೆಕ್ಷನ್ನಿನಲ್ಲಿ ಆ ಬಗ್ಗೆ ಒಂದಕ್ಷರ ಇಲ್ಲ. ಮೇಲಿಂದ 2025ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಒಂದು ಕೇಸು ಬಂತು. ಆತ ಮದುವೆಗೆ ಮುಂಚೆ ಅಮ್ಮನನ್ನು ನಾಮಿನಿ ಮಾಡಿದ್ದ, ಮದುವೆ ಆಗಿ ಮಗು ಆದ ಮೇಲೂ ಬದಲಾಯಿಸಲಿಲ್ಲ, ತೀರಿಕೊಂಡ. ತಿದ್ದುಪಡಿ ಬಂದರೂ ವಾರಸುದಾರರ ಹಕ್ಕು ಹೋಗಲ್ಲ ಅಂತ ಹೇಳಿ ಕೋರ್ಟು ಅಮ್ಮ, ಹೆಂಡತಿ, ಮಗು ಮೂವರಿಗೂ ಮೂರನೇ ಒಂದೊಂದು ಪಾಲು ಕೊಟ್ಟಿತು. ಅಲ್ಲಿ ಡಿವೋರ್ಸ್ ಇರಲಿಲ್ಲ, ನಿಜ. ಆದರೆ ಒಂದು ಫಾರಂ ಅಪ್‌ಡೇಟ್ ಮಾಡದ್ದಕ್ಕೆ ಅತ್ತೆ ಸೊಸೆ ಹೈಕೋರ್ಟಿನ ತನಕ ಹೋಗಬೇಕಾಯ್ತು ನೋಡಿ. ಡಿವೋರ್ಸ್ ಆದವರ ಮನೆಯಲ್ಲಿ ಇದೇ ಜಗಳ ಇನ್ನೆಷ್ಟು ಕಹಿ ಆಗಬಹುದು ಅಂತ ನೀವೇ ಊಹಿಸಿಕೊಳ್ಳಿ.

ಇಷ್ಟು ಓದಿದವರು "ಸರಿ, ಇವತ್ತೇ ಅವಳ ಹೆಸರು ಹೊಡೆದು ಹಾಕ್ತೀನಿ" ಅಂತ ಹೊರಡಬಹುದು. ನನ್ನ ತಕರಾರು ಇರೋದೇ ಅಲ್ಲಿ.

ನನಗೆ ಪರಿಚಯದ ಒಬ್ಬರು ಹಾಗೇ ಮಾಡಿದರು. ನಾಮಿನಿ ಜಾಗದಲ್ಲಿ ಐದು ವರ್ಷದ ಮಗಳ ಹೆಸರು ಹಾಕಿದರು, ತುಂಬಾ ಒಳ್ಳೇದು. ನಾಮಿನಿ ಮೈನರ್ ಆದರೆ ಅವಳ ಪರವಾಗಿ ದುಡ್ಡು ಪಡೆಯೋಕೆ ಒಬ್ಬ ಅಪಾಯಿಂಟಿ ಬೇಕು. ಆ ಜಾಗದಲ್ಲಿ ತಮ್ಮನ ಹೆಸರು. ಯಾಕೆ ಅಂದರೆ "ಅವಳ ಕೈಗೆ ಒಂದು ಪೈಸೆ ಹೋಗಬಾರದು". ಅಲ್ಲಾ ಮಾರಾಯ್ರೇ, ಮಗಳು ಇರೋದು ಅಮ್ಮನ ಜೊತೆ. ಸ್ಕೂಲ್ ಫೀಸು, ವ್ಯಾನಿನ ದುಡ್ಡು, ಕೆಮ್ಮಿನ ಸಿರಪ್ಪು ಎಲ್ಲಾ ಆಗೋದು ಅಮ್ಮನ ಮನೆಯಲ್ಲಿ. ಅಪ್ಪ ಹೋದ ತಿಂಗಳಿಂದ ಮೇಂಟೆನೆನ್ಸೂ ಬರಲ್ಲ. ಆಗ ಆ ಅಮ್ಮ ಮೈದುನನ ಮನೆ ಬಾಗಿಲಲ್ಲಿ ನಿಂತು ಫೀಸಿನ ರಸೀದಿ ತೋರಿಸಬೇಕಾ? 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆಯಲ್ಲಿ ತಂದೆಯ ನಂತರ ಸಹಜ ಪೋಷಕಿ ತಾಯಿಯೇ. ಡಿವೋರ್ಸಿನಿಂದ ಅವಳ ತಾಯ್ತನ ರದ್ದಾಗಲ್ಲವಲ್ಲ. ಮಗು ಯಾರ ಹತ್ತಿರ ಬೆಳೀತಿದೆಯೋ ಅವರೇ ಅಪಾಯಿಂಟಿ ಆಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಂಬಿಕೆ ಇಲ್ಲವೇ ಇಲ್ಲ ಅಂದರೆ ಅದಕ್ಕೂ ದಾರಿ ಇದೆ. 1874ರ ಮ್ಯಾರೀಡ್ ವಿಮೆನ್ಸ್ ಪ್ರಾಪರ್ಟಿ ಕಾಯ್ದೆಯಡಿ ಮಗಳ ಹೆಸರಿಗೆ ಹೊಸ ಟರ್ಮ್ ಪಾಲಿಸಿ ಮಾಡಿ, ಟ್ರಸ್ಟಿಯಾಗಿ ಯಾರನ್ನಾದರೂ ಹಾಕಿ. ಆ ದುಡ್ಡು ಟ್ರಸ್ಟ್ ಆಗಿ ಉಳಿಯುತ್ತೆ. (ಹಳೇ ಪಾಲಿಸಿಯನ್ನೇ ಹೆಂಡತಿ ಹೆಸರಲ್ಲಿ ಈ ಕಾಯ್ದೆಯಡಿ ಮಾಡಿಸಿದ್ದರೆ ಮಾತ್ರ ಗಂಡ ಒಬ್ಬನೇ ಹೋಗಿ ಹೆಸರು ತೆಗೆಸೋಕಾಗಲ್ಲ. ಅದು ನಾಮಿನೇಷನ್ ಅಲ್ಲ.)

ಲೈಫ್ ಇನ್ಶೂರೆನ್ಸ್ ವಿಷಯ ಸತ್ತ ಮೇಲಿಂದು, ಹೆಲ್ತ್ ಇನ್ಶೂರೆನ್ಸಿಂದು ಇವತ್ತೇ. ಎಚ್‌ಆರ್ ಪೋರ್ಟಲಿನಲ್ಲಿ ಸ್ಪೌಸ್ ಹೆಸರಿನ ಮುಂದೆ ಡಿಲೀಟ್ ಒತ್ತಿದರೆ ಮುಗೀತು. ಆದರೆ ಕೆಲಸ ಬಿಟ್ಟು ಮಗು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳಿಗೆ ಅದೊಂದೇ ಕವರ್ ಇದ್ದಿದ್ದು. ಅವಳಿಗೆ ಸಕ್ಕರೆ ಕಾಯಿಲೆ ಇದ್ದು ಹೊಸದಾಗಿ ಪಾಲಿಸಿ ತಗೊಂಡರೆ, ಹಳೇ ಕಾಯಿಲೆಗೆ 3 ವರ್ಷದ ತನಕ ಕಾಯಿಸಬಹುದು. 2024ರ ಐಆರ್‌ಡಿಎಐ ನಿಯಮದ ಮಿತಿ ಅದು, ಮೊದಲು 4 ವರ್ಷ ಇತ್ತು. ಗ್ರೂಪ್ ಪಾಲಿಸಿಯಲ್ಲಿ ಇರುವಾಗಲೇ ಅದೇ ಕಂಪನಿಯ ಸ್ವಂತ ಪಾಲಿಸಿಗೆ ಮೈಗ್ರೇಟ್ ಆಗೋಕೆ ಅರ್ಜಿ ಹಾಕಿದರೆ ಆಗಲೇ ಕಳೆದ ಕಾಯುವ ಅವಧಿಯ ಲೆಕ್ಕ ಸಿಗುತ್ತೆ. ಹಾಗಾಗಿ ಹೆಸರು ತೆಗೆಯೋ ಮುಂಚೆ ಒಂದು ಮೆಸೇಜ್ ಮಾಡಿ. ಮಾತು ಬಿಟ್ಟಿದ್ದರೆ ವಕೀಲರ ಮೂಲಕ ಆದರೂ ಸರಿ.

ಮಗುವಿನ ಹೆಸರು ಅಪ್ಪನ ಕವರಿನಲ್ಲಿ ಉಳಿಯುತ್ತೆ, ಆದರೆ ಕಾರ್ಡು? ರಾತ್ರಿ ಹನ್ನೊಂದಕ್ಕೆ ಜ್ವರ ಬಂದು ಅಡ್ಮಿಟ್ ಮಾಡೋವಾಗ ಇನ್ಶೂರೆನ್ಸ್ ಡೆಸ್ಕಿನವರು ಕೇಳೋದು ಉದ್ಯೋಗಿಯ ಐಡಿ, ಪಾಲಿಸಿ ನಂಬರು. ಅವೆಲ್ಲಾ ಅಪ್ಪನ ಮೊಬೈಲಿನಲ್ಲಿ, ಅಪ್ಪನ ನಂಬರು ಅಮ್ಮನ ಬ್ಲಾಕ್ ಲಿಸ್ಟಿನಲ್ಲಿ. ಇ-ಕಾರ್ಡಿನ ಒಂದು ಪಿಡಿಎಫ್ ಕಳಿಸೋಕೆ ಪ್ರೀತಿ ಏನೂ ಬೇಕಾಗಿಲ್ಲ.

ನಾನು ವಕೀಲ ಅಲ್ಲ, ಸಿ++ ಬರೆಯೋನು. ಆದರೂ ವಕೀಲರಿಗೇ ಒಂದು ಮಾತು. ಪರಸ್ಪರ ಒಪ್ಪಿಗೆಯ ಡಿವೋರ್ಸಿನಲ್ಲಿ, ಅಂದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಅರ್ಜಿಯಲ್ಲಿ, ಎರಡು ಹಂತಗಳ ನಡುವೆ ಸಾಮಾನ್ಯವಾಗಿ ಆರು ತಿಂಗಳು ಇರುತ್ತೆ. ಅಲಿಮನಿ ಎಷ್ಟು ಅಂತ ವಾರಗಟ್ಟಲೆ ಜಗ್ಗಾಡೋರು, ಕೊಡೋನೇ ಸತ್ತರೆ ಏನು ಗತಿ ಅಂತ ಮೂರು ನಿಮಿಷವೂ ಮಾತಾಡಲ್ಲ. ಯಾವ ಪಾಲಿಸಿ, ಎಷ್ಟು ಮೊತ್ತ, ಪ್ರೀಮಿಯಂ ಯಾರು ಕಟ್ಟಬೇಕು, ಕಟ್ಟಿದ ರಸೀದಿ ಪ್ರತೀ ವರ್ಷ ಇನ್ನೊಬ್ಬರಿಗೆ ಕಳಿಸಬೇಕು.. ಸೆಟಲ್‌ಮೆಂಟ್ ಕಾಗದದಲ್ಲಿ ಇದನ್ನೊಂದು ಪ್ಯಾರಾ ಸೇರಿಸಿದರೆ ಗಂಟೇನು ಹೋಗುತ್ತೆ?

ಕೊಸರು: ಅಮೆರಿಕದಲ್ಲಿರೋ ಗೆಳೆಯರು "ನಮ್ಮ ರಾಜ್ಯದಲ್ಲಿ ಡಿವೋರ್ಸ್ ಆದರೆ ಅದು ತಾನಾಗೇ ರದ್ದಾಗುತ್ತೆ" ಅಂತ ಬೀಗಬೇಡಿ. ವಾಷಿಂಗ್ಟನ್ ರಾಜ್ಯದಲ್ಲೂ ಅಂಥ ಕಾನೂನಿತ್ತು. ಎಗೆಲ್‌ಹಾಫ್ ಅನ್ನೋ ಬೋಯಿಂಗ್ ಉದ್ಯೋಗಿ 1994ರಲ್ಲಿ ಡಿವೋರ್ಸ್ ಆದ ಎರಡೇ ತಿಂಗಳ ಮೇಲೆ ಅಪಘಾತದಲ್ಲಿ ತೀರಿಕೊಂಡ, ಕಂಪನಿ ಪಾಲಿಸಿಯಲ್ಲಿ ಮಾಜಿ ಹೆಂಡತಿ ಹೆಸರೇ ಇತ್ತು. ಮೊದಲ ಮದುವೆಯ ಮಕ್ಕಳು ಕೋರ್ಟಿಗೆ ಹೋದರು. ಕಂಪನಿ ಕೊಡೋ ಪಾಲಿಸಿಗಳಿಗೆ ಫೆಡರಲ್ ಕಾನೂನೇ ಮೇಲು, ರಾಜ್ಯದ ಕಾನೂನು ನಡೆಯಲ್ಲ ಅಂತ 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.