ಬೀಗ ಹಾಕಿದ ಮನೆಗಿಂತ ಬಿಟ್ಟುಕೊಟ್ಟ ಮನೆ ಮೇಲು

ಊರಿನ ಮದುವೆ, ಕೋಲ, ಜಾತ್ರೆ ಮುಗಿಸಿ ಮುಂಬಯಿಗೆ ಮರಳಿದ ನಮ್ಮ ತುಳು-ಕನ್ನಡಿಗರ ಬಾಯಲ್ಲಿ ಪ್ರತಿವರ್ಷ ಕೇಳಿಬರುವ ಮಾತೊಂದಿದೆ: "ಮನೆ ಹಾಳಾಗುತ್ತಿದೆ ಮಾರಾಯ್ರೆ, ನೋಡಲಿಕ್ಕಾಗುವುದಿಲ್ಲ." ಸಂಘದ ಸಭೆ ಮುಗಿದು ಚಹಾ ಕುಡಿಯುವಾಗ ಈ ಮಾತು ಬಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಮನೆ ಯಾಕೆ ಹಾಳಾಗುತ್ತಿದೆ ಎಂಬುದಕ್ಕೆ ಉತ್ತರ ಅನೇಕ ಸಲ ಊರಿನಲ್ಲಿಲ್ಲ. ಇಲ್ಲೇ ಡೊಂಬಿವಲಿ, ಥಾಣೆ, ಮೀರಾರೋಡಿನ ನಮ್ಮ ಫ್ಲ್ಯಾಟುಗಳಲ್ಲಿದೆ.

ಪಹಣಿಯಲ್ಲಿ ಏಳೆಂಟು ಹೆಸರು. ಮೂವರು ತೀರಿಕೊಂಡಿದ್ದಾರೆ, ಇಬ್ಬರು ಮುಂಬಯಿಯಲ್ಲಿ, ಒಬ್ಬರು ದುಬಾಯಿಯಲ್ಲಿ. ತಾಯಿಯನ್ನು ಕೊನೆಯವರೆಗೆ ನೋಡಿಕೊಂಡ ತಮ್ಮ ಆ ಮನೆಯಲ್ಲೇ ಇದ್ದಾನೆ. ಪಕ್ಕಾಸು, ರೀಪಿಗೆ ಗೆದ್ದಲು ಹಿಡಿದಿದೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಈಗ ಜನ ಸಿಗುವುದಿಲ್ಲ. ಮಾಡು ಬಿಚ್ಚಿ ಕಟ್ಟೋಣವೆಂದು ಸಾಲ ಕೇಳಿದರೆ ಎಲ್ಲ ಹಕ್ಕುದಾರರ ಸಹಿ ಬೇಕು. ಅಣ್ಣನಿಗೆ ಫೋನು ಮಾಡಿದರೆ "ಈ ಸಲ ಬಂದಾಗ ನೋಡುವ" ಎಂಬ ಉತ್ತರ. ಓದುಗರು ಇದಕ್ಕೆ ತಮಗೆ ಗೊತ್ತಿರುವ ಯಾವ ಮನೆಯ ಹೆಸರನ್ನಾದರೂ ಹಾಕಿಕೊಳ್ಳಬಹುದು.

ಮಮತೆ ಇಲ್ಲವೆಂದಲ್ಲ. ಎಷ್ಟೋ ಮುಳಿಹುಲ್ಲಿನ ಮಾಡುಗಳು ಮಂಗಳೂರು ಹಂಚು ಕಂಡದ್ದೇ ಇಲ್ಲಿಯ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದವರ ಮನಿಯಾರ್ಡರಿನಿಂದ. ಆದ್ದರಿಂದ "ಅದರಲ್ಲಿ ನನ್ನ ಬೆವರೂ ಇದೆ" ಎಂಬ ಮಾತು ಸುಳ್ಳಲ್ಲ. ಆದರೆ ಆ ಬೆವರಿನ ಹೆಸರಿನಲ್ಲಿ ಸಹಿ ತಡೆಹಿಡಿದು, ಅಲ್ಲಿ ಇರುವವನ ತಲೆಯ ಮೇಲಿನ ಮಾಡು ಸೋರುವಂತೆ ಮಾಡುವುದು ಮಮತೆಯಲ್ಲ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ನಾಲ್ಕು ದಿನ ತಂಗಲು ಕೋಣೆ ಬೇಕೆಂದರೆ ತಮ್ಮ ಕೊಟ್ಟೇ ಕೊಡುತ್ತಾನೆ.

ಅಳಿಯಕಟ್ಟಿನ ಕುಟುಂಬಗಳಲ್ಲಿ ಈ ಗಂಟು ಇನ್ನಷ್ಟು ಬಿಗಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಬಳಿಕ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಗದ್ದೆ, ತೋಟ ಹಂಚಿಹೋದರೂ ದೈವದ ಕೋಣೆ ಇರುವ ಮನೆಯನ್ನು ಮಾತ್ರ "ಎಲ್ಲರದ್ದೂ" ಎಂದು ಬಿಟ್ಟವರಿದ್ದಾರೆ. ಎಲ್ಲರದ್ದಾದುದು ಕೊನೆಗೆ ಯಾರದ್ದೂ ಆಗದೆ ಗೋಡೆ ಕುಸಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಮತ್ತು ಇಬ್ಬರು ಅಕ್ಕಂದಿರು ಕೂತು ಮಾತಾಡಿ, ತಮ್ಮನ ಹೆಸರಿಗೆ ಹಕ್ಕು ಖುಲಾಸೆ ಪತ್ರ ನೋಂದಣಿ ಮಾಡಿಸಿಕೊಟ್ಟೆವು. ಅವನು ಹಳೆಮನೆ ಕೆಡವಿ ತಾರಸಿ ಮನೆ ಕಟ್ಟಿದ. ನಾನು ಹುಟ್ಟಿದ ಕೋಣೆಯ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಭತ್ತ ಅಳೆಯುತ್ತಿದ್ದ ಕಳಸೆಯೊಂದನ್ನು ಕೇಳಿ ತಂದೆ; ದೊಡ್ಡಕ್ಕ ಅಮ್ಮನ ಒನಕೆಯನ್ನು ರೈಲಿನಲ್ಲಿ ಹೊತ್ತು ತಂದಳು. ಅವಳ ಬಾಲ್ಕನಿಯಲ್ಲಿ ಅದೀಗ ಬಟ್ಟೆ ಒಣಗಿಸುವ ಕೋಲು!

ಬಿಟ್ಟುಕೊಡುವುದೆಂದರೆ ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಳ್ಳುವುದು ಎಂದು ಯಾರೂ ತಿಳಿಯಬಾರದು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿದೆ. ತಿದ್ದುಪಡಿಯಾದಾಗ ತಂದೆ ಬದುಕಿರಲೇಬೇಕೆಂದಿಲ್ಲ, ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಸ್ಪಷ್ಟಪಡಿಸಿದೆ. ಕಷ್ಟದಲ್ಲಿರುವ ತಂಗಿಗೆ ಪಾಲಿನ ಬೆಲೆ ಕೊಟ್ಟೇ ಸಹಿ ಕೇಳಬೇಕು. ಊರಿನಲ್ಲಿ ಯಾರೂ ಇಲ್ಲದಿದ್ದರೆ ಮಾರುವುದೂ ತಪ್ಪಲ್ಲ. ನಾಗಬನದ ಜಾಗವನ್ನು ಬೇರೆಯಾಗಿ ಉಳಿಸಿ, ಅಲ್ಲಿಗೆ ಹೋಗುವ ದಾರಿಯ ಹಕ್ಕನ್ನು ಪತ್ರದಲ್ಲೇ ಬರೆಸಿಕೊಂಡರಾಯಿತು.

ತಡಮಾಡಿದಷ್ಟು ಕಾಗದಪತ್ರದ ಕಷ್ಟ ಹೆಚ್ಚು. ಪಹಣಿಯಲ್ಲಿ ಒಂದು ಹೆಸರು, ಮುಂಬಯಿಯ ರೇಷನ್ ಕಾರ್ಡಿನಲ್ಲಿ ಇನ್ನೊಂದು, ಮಹಾನಗರ ಪಾಲಿಕೆಯ ಮರಣಪತ್ರದಲ್ಲಿ ಮತ್ತೊಂದು. ಬರೆದುಕೊಟ್ಟವರು ತೀರಿಕೊಂಡರೆ ಪವರ್ ಆಫ್ ಅಟಾರ್ನಿಯೂ ಸಾಮಾನ್ಯವಾಗಿ ಊರ್ಜಿತವಲ್ಲ. ಆಮೇಲೆ ವಂಶವೃಕ್ಷ ಬರೆಸಲು ಹೊರಟರೆ, ಯಾರ ಮಗಳು ಎಲ್ಲಿಗೆ ಮದುವೆಯಾದಳು ಎಂದು ಹೇಳಬಲ್ಲ ಹಿರಿಯರೇ ಇರುವುದಿಲ್ಲ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳನ್ನು ಕೇಳಿದರೆ ಸರ್ವೆ ನಂಬರು ಹೋಗಲಿ, ಊರಿನ ಹೆಸರನ್ನೂ ತಡವರಿಸಿ ಹೇಳುತ್ತಾರೆ.

ನಮ್ಮ ಸಂಘಗಳು ಸನ್ಮಾನ, ಯಕ್ಷಗಾನ, ವಿದ್ಯಾರ್ಥಿವೇತನಗಳ ಜೊತೆಗೆ ವರ್ಷಕ್ಕೊಂದು ಭಾನುವಾರವನ್ನು ಇದಕ್ಕೂ ಮೀಸಲಿಡಬಾರದೇಕೆ? ಊರಿನ ಕಂದಾಯ ದಾಖಲೆ ಬಲ್ಲ ಒಬ್ಬ ವಕೀಲರನ್ನು ಕರೆಸಿ, ಸದಸ್ಯರು ತಮ್ಮ ಪಹಣಿ ಹಿಡಿದುಕೊಂಡು ಬರಲಿ. ಜೊತೆಗೆ ಮನೆಯಲ್ಲಿರುವ ಅಜ್ಜಿಯನ್ನೂ ಕರೆತರಲಿ.